ಸಿನಾಯ್ ಬೆಟ್ಟದ ತೋಟದಲ್ಲಿ ಮೂರು ರಾತ್ರಿ ಸುಮ್ನೆ ಇರುವುದು ಹೇಗೆ

ಮೊದಲ ಸಲ ಸಿನಾಯ್‌ಗೆ ಹೋದಾಗ ನಾನೂ ಎಲ್ಲರಂತೆಯೇ ಮಾಡಿದೆ. ರಾತ್ರಿ ಒಂದೂವರೆಗೆ ಎದ್ದು, ಟಾರ್ಚ್ ಹಿಡಿದು, ಸಾಲಿನಲ್ಲಿ ಬೆಟ್ಟ ಹತ್ತಿದೆ. ತುದಿಯಲ್ಲಿ ಬಾಡಿಗೆ ಕಂಬಳಿ ಹೊದ್ದು ಸೂರ್ಯ ಹುಟ್ಟುವುದನ್ನು ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಸಮುದ್ರದ ದಡದಲ್ಲಿದ್ದೆ. ಊರಿಗೆ ಬಂದು "ಸಿನಾಯ್ ನೋಡಿದೆ" ಎಂದು ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಜಾಸ್ತಿ ಹೊತ್ತು ನೋಡಿದ್ದು ಮುಂದೆ ಹೋಗುತ್ತಿದ್ದವನ ಬೆನ್ನಿನ ಚೀಲವನ್ನು.

ಎರಡನೇ ಸಲ ಶಿಖರದ ಆಸೆ ಬಿಟ್ಟೆ. ಮರುಭೂಮಿಯ ಅರಬ್ ಬುಡಕಟ್ಟಿನವರಾದ ಬೆಡೂಯಿನ್ ಜನರ ಒಂದು ಹಣ್ಣಿನ ತೋಟದಲ್ಲಿ ಮೂರು ರಾತ್ರಿ ಇದ್ದೆ. ಅಲ್ಲಿ ಮಾಡಿದ ಕೆಲಸ ಹೆಚ್ಚೇನಿಲ್ಲ. ಚಹಾ ಕುಡಿದೆ, ರೊಟ್ಟಿ ಸುಡುವುದನ್ನು ನೋಡಿದೆ, ಕಲ್ಲಿನ ಮೇಲೆ ಕೂತೆ. ಆದರೆ ಹಾಗೆ ಕೂರುವುದಕ್ಕೂ ತಯಾರಿ ಬೇಕು. ಯಾರಾದರೂ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಜಾಗ ಯಾವುದು, ಜನ ಯಾರು

ಈಜಿಪ್ಟಿನ ಸಿನಾಯ್ ಪರ್ಯಾಯ ದ್ವೀಪದ ದಕ್ಷಿಣ ಭಾಗದಲ್ಲಿ ಸೇಂಟ್ ಕ್ಯಾಥರೀನ್ ಎಂಬ ಚಿಕ್ಕ ಊರಿದೆ. ಅದರ ಬಜಾರಿನ ಭಾಗಕ್ಕೆ ಅಲ್ಲಿಯವರು ಮಿಲ್ಗಾ ಅನ್ನುತ್ತಾರೆ. ಊರೇ ಸುಮಾರು 1600 ಮೀಟರ್ ಎತ್ತರದಲ್ಲಿದೆ. ಪಕ್ಕದಲ್ಲಿ 2285 ಮೀಟರಿನ ಜಬಲ್ ಮೂಸಾ. ಕನ್ನಡ ಬೈಬಲ್ ಓದಿದವರಿಗೆ ಇದು ಮೋಶೆಗೆ ಹತ್ತು ಆಜ್ಞೆಗಳು ಸಿಕ್ಕ ಸೀನಾಯಿ ಬೆಟ್ಟ. ಇನ್ನೂ ಮೇಲಕ್ಕೆ ಜಬಲ್ ಕಾತ್ರೀನಾ ಇದೆ. ಎತ್ತರ ಸುಮಾರು 2640 ಮೀಟರ್, ಈಜಿಪ್ಟಿನಲ್ಲೇ ಅದಕ್ಕಿಂತ ಎತ್ತರದ ಬೆಟ್ಟವಿಲ್ಲ.

ಮರುಭೂಮಿ ಅಂದ ಕೂಡಲೇ ಮರಳಿನ ದಿಬ್ಬ ನೆನಪಾಗುತ್ತದೆ, ಅಲ್ವಾ? ಇಲ್ಲಿ ಅದನ್ನು ಹುಡುಕಬೇಡಿ. ಎಲ್ಲಿ ನೋಡಿದರೂ ಕೆಂಪು ಕಗ್ಗಲ್ಲು. ಚಳಿಗಾಲದಲ್ಲಿ ಅದರ ಮೇಲೆ ಹಿಮವೂ ಬೀಳುತ್ತದೆ. ಬೆಟ್ಟಗಳ ನಡುವಿನ ಒಣ ಕಣಿವೆಗೆ ವಾದಿ ಅನ್ನುತ್ತಾರೆ. ಕೋರ್ಟಿನ ವಾದಿಗೂ ಇದಕ್ಕೂ ಸಂಬಂಧವಿಲ್ಲ.

ಇಲ್ಲಿನ ಬೆಡೂಯಿನ್ ಕುಲದ ಹೆಸರು ಜಬಾಲಿಯಾ. ಜಬಲ್ ಎಂದರೆ ಬೆಟ್ಟ, ಜಬಾಲಿಯಾ ಎಂದರೆ ಬೆಟ್ಟದವರು. 6ನೇ ಶತಮಾನದಲ್ಲಿ ಪೂರ್ವ ರೋಮನ್ ಚಕ್ರವರ್ತಿ ಜಸ್ಟಿನಿಯನ್ ಇಲ್ಲಿ ಕೋಟೆಯಂಥ ಒಂದು ಕ್ರೈಸ್ತ ಮಠ ಕಟ್ಟಿಸಿದ. ಅದನ್ನು ಕಾಯಲು ಬಾಲ್ಕನ್ ಕಡೆಯಿಂದಲೂ ಈಜಿಪ್ಟಿನಿಂದಲೂ ಕೆಲವು ಕುಟುಂಬಗಳನ್ನು ಕಳಿಸಿದ. ತಾವು ಆ ಕುಟುಂಬಗಳ ಸಂತತಿ ಎಂದು ಜಬಾಲಿಯಾ ಜನ ಹೇಳುತ್ತಾರೆ. ಕಾಲಾಂತರದಲ್ಲಿ ಅವರು ಮುಸ್ಲಿಮರಾದರು, ಆದರೆ ಮಠದ ನಂಟು ಬಿಡಲಿಲ್ಲ. ಮಠದ ತೋಟಗಳಲ್ಲಿ ದುಡಿದು ಹಣ್ಣಿನಲ್ಲಿ ಪಾಲು ಪಡೆಯುತ್ತಿದ್ದರು. ಮಠ ಅವರಿಗೆ ರೊಟ್ಟಿ ಹಂಚುತ್ತಿತ್ತು. ಮಠದ ಗೋಡೆಯ ಒಳಗೇ ಒಂದು ಹಳೆಯ ಮಸೀದಿ ಇವತ್ತಿಗೂ ಇದೆ.

ಒಂದು ಭ್ರಮೆಯನ್ನು ಇಲ್ಲೇ ಬಿಟ್ಟುಬಿಡಿ. ಇವರು ಈಗ ವರ್ಷವಿಡೀ ಡೇರೆಯಲ್ಲಿ ಅಲೆಯುವವರಲ್ಲ. ಊರಿನಲ್ಲಿ ಸಿಮೆಂಟ್ ಮನೆ ಇದೆ, ಪಿಕಪ್ ಗಾಡಿ ಇದೆ, ಕೈಯಲ್ಲಿ ಮೊಬೈಲ್ ಇದೆ. ಮಕ್ಕಳು ಶಾಲೆಗೆ ಹೋಗುತ್ತಾರೆ. ಬೆಟ್ಟದ ಮೇಲಿನ ತೋಟಕ್ಕೆ ಬಿಡುವಾದಾಗ ಹೋಗಿಬರುತ್ತಾರೆ. ನಾವು ಬೆಂಗಳೂರಿನಲ್ಲಿದ್ದುಕೊಂಡು ಊರಿನ ಜಮೀನು ನೋಡಿಕೊಳ್ಳುತ್ತೇವಲ್ಲ, ಸುಮಾರಾಗಿ ಹಾಗೆಯೇ.

ತಿಂಗಳು ಆರಿಸಿ

ಮಾರ್ಚ್‌ನಿಂದ ಮೇ, ಇಲ್ಲವೇ ಸೆಪ್ಟೆಂಬರ್‌ನಿಂದ ನವೆಂಬರ್. ವಸಂತದಲ್ಲಿ ಹೋದರೆ ಬಾದಾಮಿ ಮರ ಹೂಬಿಟ್ಟಿರುತ್ತದೆ. ಬೇಸಿಗೆಯ ಕೊನೆಗೆ ಹೋದರೆ ಅಂಜೂರ, ದಾಳಿಂಬೆ ಸಿಗುತ್ತವೆ. ಜುಲೈನಲ್ಲೂ ಮೇಲಿನ ತೋಟಗಳಲ್ಲಿ ರಾತ್ರಿ ತಂಪಾಗಿಯೇ ಇರುತ್ತದೆ, ಹಗಲು ನಡೆಯುವುದು ಮಾತ್ರ ಕಷ್ಟ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ನಮ್ಮ ಸ್ವೆಟರ್ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಮಳೆ ಅಪರೂಪ. ಬಂದರೆ ಮಾತ್ರ ಬಂಡೆ ಹೆಚ್ಚೇನೂ ಹೀರದೆ ಬಹುಪಾಲನ್ನು ವಾದಿಗೆ ನೂಕುತ್ತದೆ. ಹೀಗೆ ದಿಢೀರನೆ ಬರುವ ಪ್ರವಾಹಕ್ಕೆ ಸೈಲ್ ಎಂದು ಹೆಸರು. ಮೋಡ ಕಂಡು ಗೈಡ್ "ಇವತ್ತು ಇಲ್ಲಿ ಮಲಗುವುದು ಬೇಡ" ಅಂದರೆ ವಾದ ಮಾಡಬೇಡಿ.

ರಂಜಾನ್ ಯಾವ ತಿಂಗಳಲ್ಲಿ ಬರುತ್ತದೆ ಎಂದೂ ನೋಡಿಕೊಳ್ಳಿ. ಆಗ ಹೋಗಬಾರದೆಂದಲ್ಲ. ಆದರೆ ಉಪವಾಸ ಇರುವವನನ್ನು ಬಿಸಿಲಿನಲ್ಲಿ ಬೆಟ್ಟ ಹತ್ತಿಸುವುದು ಸರಿಯಲ್ಲ.

ಕಾಗದ, ದಾರಿ, ದುಡ್ಡು

ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು. ನಿಯಮ ಆಗಾಗ ಬದಲಾಗುತ್ತದೆ. ಹಾಗಾಗಿ ಟಿಕೆಟ್ ತೆಗೆಯುವ ಮೊದಲು ದೆಹಲಿಯ ಈಜಿಪ್ಟ್ ರಾಯಭಾರ ಕಚೇರಿಯಲ್ಲಿ ಅಥವಾ ಮುಂಬೈನ ದೂತಾವಾಸದಲ್ಲಿ ಕೇಳಿಕೊಳ್ಳಿ. ಸಿನಾಯ್‌ಗೆ ಮಾತ್ರ ಕೊಡುವ ಉಚಿತ ಮುದ್ರೆಯ ಬಗ್ಗೆ ಯಾರಾದರೂ ಹೇಳಿದರೆ, ಅದು ಎಲ್ಲ ದೇಶದವರಿಗೂ ಸಿಗುವುದಿಲ್ಲ ಎಂಬುದು ನೆನಪಿರಲಿ. ಉತ್ತರ ಸಿನಾಯ್‌ನ ಕಥೆಯೇ ಬೇರೆ, ಅಲ್ಲಿ ವರ್ಷಗಟ್ಟಲೆ ಸಂಘರ್ಷ ನಡೆದಿದೆ. ನಾವು ಹೋಗುವುದು ದಕ್ಷಿಣಕ್ಕೆ. ಆದರೂ ಹೊರಡುವ ವಾರ ನಮ್ಮ ಸರ್ಕಾರದ ಪ್ರಯಾಣ ಸೂಚನೆ ನೋಡಿಯೇ ಹೊರಡಿ.

ತಲುಪುವ ದಾರಿ ಎರಡು. ಕೈರೋದಿಂದ ಬಸ್ಸಿನಲ್ಲಿ ಬಂದರೆ ಸೂಯೆಜ್ ಕಾಲುವೆ ದಾಟಿ ಹೆಚ್ಚುಕಡಿಮೆ ಇಡೀ ದಿನ ಹಿಡಿಯುತ್ತದೆ. ಶರ್ಮ್ ಅಲ್ ಶೇಖ್ ವಿಮಾನ ನಿಲ್ದಾಣದಲ್ಲಿ ಇಳಿದರೆ ಕಾರಿನಲ್ಲಿ ಸುಮಾರು ಮೂರು ಗಂಟೆ. ದುಬೈ, ಮಸ್ಕತ್, ದೋಹಾದಲ್ಲಿರುವ ಕನ್ನಡಿಗರಿಗೆ ಇದು ಒಂದು ವಾರದ ರಜೆಯಲ್ಲೇ ಆಗುವ ಪ್ರಯಾಣ. ಯಾವ ದಾರಿಯಲ್ಲಿ ಬಂದರೂ ಚೆಕ್‌ಪೋಸ್ಟ್‌ಗಳು ಸಿಗುತ್ತವೆ. ಪಾಸ್‌ಪೋರ್ಟ್ ಕೈಗೆ ಸಿಗುವಂತಿರಲಿ. ಐದಾರು ಜೆರಾಕ್ಸ್ ಪ್ರತಿ ಇಟ್ಟುಕೊಳ್ಳಿ, ಬೆಟ್ಟದಲ್ಲಿ ರಾತ್ರಿ ಉಳಿಯಲು ಅನುಮತಿ ಮಾಡಿಸುವಾಗ ಬೇಕಾಗುತ್ತದೆ. ಡ್ರೋನ್ ಮಾತ್ರ ತರಲೇಬೇಡಿ. ಅನುಮತಿಯಿಲ್ಲದೆ ಡ್ರೋನ್ ಇಟ್ಟುಕೊಳ್ಳುವುದು ಈಜಿಪ್ಟಿನಲ್ಲಿ ಅಪರಾಧ.

ಬೇಕಾದ ದುಡ್ಡನ್ನು ನಗದಾಗಿ, ಈಜಿಪ್ಟಿನ ಪೌಂಡ್‌ನಲ್ಲಿ ತನ್ನಿ. ಚಿಕ್ಕ ನೋಟು ಜಾಸ್ತಿ ಇರಲಿ. ಊರಿನ ಎಟಿಎಂ ನಂಬಿ ಬರಬೇಡಿ.

ಗೈಡ್ ಜೊತೆ ಮೊದಲೇ ಆಡಬೇಕಾದ ಮಾತು

ಬೆಡೂಯಿನ್ ಗೈಡ್ ಇಲ್ಲದೆ ಈ ಬೆಟ್ಟಗಳಿಗೆ ಹೋಗುವಂತಿಲ್ಲ. ಅದು ನಿಯಮ. ನಿಯಮ ಇಲ್ಲದಿದ್ದರೂ ನಾನು ಹೋಗುತ್ತಿರಲಿಲ್ಲ, ಯಾಕೆಂದರೆ ಎಲ್ಲ ಕಣಿವೆಯೂ ಒಂದೇ ಥರ ಕಾಣುತ್ತದೆ. ಗೈಡ್ ಮತ್ತು ಒಂಟೆಯ ಕೆಲಸವನ್ನು ಜಬಾಲಿಯಾ ಜನ ತಮ್ಮೊಳಗೆ ಸರದಿಯ ಮೇಲೆ ಹಂಚಿಕೊಳ್ಳುವ ಪದ್ಧತಿ ಇದೆ. ಹಾಗಾಗಿ "ನನಗೆ ಇಂಥವನೇ ಬೇಕು" ಎಂದು ಪಟ್ಟು ಹಿಡಿದರೆ ಕೆಲವೊಮ್ಮೆ ಆಗುವುದಿಲ್ಲ. ಮಿಲ್ಗಾದ ಬೆಡೂಯಿನ್ ಕ್ಯಾಂಪಿನಲ್ಲಿ ಒಂದು ರಾತ್ರಿ ಉಳಿದುಕೊಂಡು ಅಲ್ಲೇ ಕೇಳುವುದು ಸುಲಭ.

ಸಿಕ್ಕವರು ಮೊದಲು ನಿಮಗೆ ಶಿಖರಗಳ ಪಟ್ಟಿ ಒಪ್ಪಿಸುತ್ತಾರೆ. ಅವರದು ತಪ್ಪಲ್ಲ, ಬರುವ ಜನ ಕೇಳುವುದೇ ಅದನ್ನು. ನೀವು ಸ್ಪಷ್ಟವಾಗಿ ಹೇಳಿ: ಒಂದೇ ತೋಟ, ಮೂರು ರಾತ್ರಿ, ದಿನಕ್ಕೆ ಜಾಸ್ತಿಯೆಂದರೆ ಎರಡು ಮೂರು ಗಂಟೆ ನಡಿಗೆ. ಹಾಗೆ ಹೇಳಿದಾಗ ನನ್ನ ಗೈಡ್ ಅನುಮಾನದಿಂದ ನೋಡಿದ. ಕಾಲು ನೋವಾ ಎಂದು ಕೇಳಿದ. ಇಲ್ಲ, ಸುಮ್ನೆ ಕೂರಬೇಕು ಅಂದೆ. ನಕ್ಕು, "ಅದು ನನಗೂ ಬರುತ್ತದೆ" ಅಂದ.

ಆಮೇಲೆ ದುಡ್ಡಿನ ಮಾತು. ದಿನಕ್ಕೆ ಗೈಡ್‌ಗೆ ಎಷ್ಟು, ಒಂಟೆಗೆ ಎಷ್ಟು, ಊಟ ಅದರಲ್ಲೇ ಸೇರಿದೆಯಾ, ತೋಟದ ಮಾಲೀಕನಿಗೆ ಬೇರೆ ಕೊಡಬೇಕಾ, ಹೊದಿಕೆ ಅವರೇ ತರುತ್ತಾರಾ. ಎಲ್ಲವನ್ನೂ ಹೊರಡುವ ಮೊದಲೇ ಮುಗಿಸಿ. ಮೇಲೆ ಹೋದ ಮೇಲೆ ನೀವು ಅತಿಥಿ. ಅತಿಥಿ ಆದವನು ಚೌಕಾಶಿ ಮಾಡಿದರೆ ಇಬ್ಬರಿಗೂ ಮುಜುಗರ.

ಸಸ್ಯಾಹಾರಿಗಳಿಗೆ ಒಂದು ಮಾತು. "ಬಿದೂನ್ ಲಹ್ಮ" ಅಂದರೆ ಮಾಂಸ ಬೇಡ ಎಂದು ಅರ್ಥ. ಅಷ್ಟೇ ಹೇಳಿದರೆ ಮೀನು, ಕೋಳಿ ಬರಬಹುದು. ಬೆಟ್ಟದ ಊಟದಲ್ಲಿ ಡಬ್ಬಿಯ ಟ್ಯೂನಾ ಮೀನು ಮಾಮೂಲು, ಅದನ್ನೂ ಹೆಸರು ಹಿಡಿದೇ ಬೇಡವೆನ್ನಿ. ಅನ್ನ, ಬೇಳೆ, ಬೇಯಿಸಿದ ಫೂಲ್ ಕಾಳು, ಟೊಮೆಟೊ, ಸೌತೆಕಾಯಿ, ಬಿಳಿ ಚೀಸ್ ಇದ್ದೇ ಇರುತ್ತವೆ. ಅಲ್ಲಿನ ಬೇಳೆ ಸೂಪಿನ ಹೆಸರು ಅದ್ಸ್. ಚಳಿ ರಾತ್ರಿಯಲ್ಲಿ ಅದು ಒಗ್ಗರಣೆ ಮರೆತ ಬೇಳೆಸಾರಿನ ಹಾಗೆ ಹಿತವಾಗಿರುತ್ತದೆ.

ಚೀಲದಲ್ಲಿ ಏನು

ಪಳಗಿದ ಶೂ. ಹೊಸದು ಬೇಡ, ಕಗ್ಗಲ್ಲು ಹಿಮ್ಮಡಿಯನ್ನು ಒಂದೇ ದಿನದಲ್ಲಿ ಸುಲಿಯುತ್ತದೆ. ದಪ್ಪ ಜಾಕೆಟ್, ಉಣ್ಣೆ ಟೋಪಿ, ಹೆಡ್‌ಲ್ಯಾಂಪ್, ಮೂರು ಲೀಟರ್ ನೀರು ಹಿಡಿಯುವ ಬಾಟಲಿ, ನೀರು ಶುದ್ಧ ಮಾಡುವ ಮಾತ್ರೆ, ತುಟಿಗೆ ಹಚ್ಚಲು ವ್ಯಾಸಲಿನ್, ನಿಮ್ಮ ದಿನದ ಔಷಧಿ. ತೋಳು, ಕಾಲು ಮುಚ್ಚುವ ಸಡಿಲ ಬಟ್ಟೆ ಬಿಸಿಲಿಗೂ ಒಳ್ಳೆಯದು, ಅಲ್ಲಿಯವರ ಮರ್ಯಾದೆಗೂ ಒಳ್ಳೆಯದು. ದೊಡ್ಡ ಆಸ್ಪತ್ರೆ ಬೇಕೆಂದರೆ ಶರ್ಮ್‌ವರೆಗೆ ಹೋಗಬೇಕು, ಹಾಗಾಗಿ ಪ್ರಯಾಣ ವಿಮೆ ಮಾಡಿಸಿ. ಒಂದು ಪೊಟ್ಟಣ ಚಟ್ನಿಪುಡಿಯನ್ನೂ ಇಟ್ಟುಕೊಳ್ಳಿ, ಯಾಕೆಂದು ಮುಂದೆ ಹೇಳುತ್ತೇನೆ.

ಪುಸ್ತಕ ಒಂದು ಸಾಕು. ನಾನು ಮೂರು ಹೊತ್ತಿದ್ದೆ, ಒಂದನ್ನೂ ಮುಗಿಸಲಿಲ್ಲ.

ಹತ್ತುವ ದಿನ

ಬೆಳಿಗ್ಗೆ ಬೇಗ ಹೊರಡಿ. ಮಿಲ್ಗಾದಿಂದ ಎತ್ತರದ ಬೆಟ್ಟಗಳಿಗೆ ಹೋಗುವ ಮುಖ್ಯ ದಾರಿ ಅಬು ಜೀಫಾ ಎಂಬ ಕಣಿವೆಬಾಯಿ. ಹಳೆಯ ಕಾಲುದಾರಿ, ಕಲ್ಲು ಜೋಡಿಸಿ ಮಾಡಿದ ಏರು. ಮೊದಲ ಒಂದು ಗಂಟೆ ಮೈ ಬೆವರುತ್ತದೆ. ದಾಟಿದರೆ ವಾದಿ ತುಬುಗ್, ಅಲ್ಲಿಂದಲೇ ತೋಟಗಳು ಶುರು. ಇನ್ನೂ ಮುಂದೆ ವಾದಿ ಜವಾತೀನ್, ಅಂದರೆ ಆಲಿವ್ ಕಣಿವೆ. ದಾಳಿಂಬೆಯ ಹೆಸರು ಹೊತ್ತ ಫರ್ಶ್ ರುಮ್ಮಾನಾ ಇನ್ನೂ ಒಳಗಿದೆ. ಸುಮ್ನೆ ಇರಲು ಬಂದವರಿಗೆ ತುಬುಗ್ ಅಥವಾ ಜವಾತೀನ್ ಸಾಕು.

ಸಾಮಾನು ಹೊತ್ತ ಒಂಟೆ ನಿಮ್ಮ ಜೊತೆಗೇ ಬರುತ್ತದೆ ಎಂದುಕೊಳ್ಳಬೇಡಿ. ಕಡಿದಾದ ಕಡೆ ಅದು ಹತ್ತುವುದಿಲ್ಲ. ಬೇರೆ ಸುತ್ತುದಾರಿ ಹಿಡಿದು ಸಂಜೆ ತೋಟದಲ್ಲಿ ಸಿಗುತ್ತದೆ. ನೀರು, ಜಾಕೆಟ್ ನಿಮ್ಮ ಬೆನ್ನಿನ ಮೇಲೇ ಇರಲಿ.

ನಡಿಗೆಯ ವೇಗವನ್ನು ಗೈಡ್‌ಗೆ ಬಿಡಿ. ಅವನು ಮುಕ್ಕಾಲು ಗಂಟೆಗೊಮ್ಮೆ ನಿಂತು ನಾಲ್ಕು ಒಣ ಕಡ್ಡಿ ಹಚ್ಚಿ ಚಹಾ ಇಡುತ್ತಾನೆ. ಹೊತ್ತಾಯಿತು ಎಂದು ವಾಚ್ ನೋಡುವ ಚಟ ನಮಗೆ. ಆ ಚಟ ಎರಡನೇ ಚಹಾದ ಹೊತ್ತಿಗೆ ಬಿಡುತ್ತದೆ.

ತೋಟ ಹೇಗಿರುತ್ತದೆ

ಇದರ ಬಗ್ಗೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಯಾಕೆಂದರೆ ನೀವು ಇರುವುದೇ ಇಲ್ಲಿ.

ಕೆಂಪು ಬೆಟ್ಟದಲ್ಲಿ ಅಲ್ಲಲ್ಲಿ ಕಪ್ಪು ಪಟ್ಟಿಗಳು ಇಳಿದುಬಂದಿರುವುದು ಕಾಣುತ್ತದೆ. ಬಹಳ ಹಿಂದೆ ಕಗ್ಗಲ್ಲಿನ ಬಿರುಕುಗಳಿಗೆ ನುಗ್ಗಿ ಗಟ್ಟಿಯಾದ ಬೇರೆ ಜಾತಿಯ ಕಲ್ಲು ಅದು. ಹಿಮ ಕರಗಿದ ನೀರು, ಮಳೆ ನೀರು ಬಂಡೆಯ ಸಂದಿಯಲ್ಲಿ ಇಳಿದು ಈ ಪಟ್ಟಿಗಳ ಹತ್ತಿರ ತಡೆದು ನಿಲ್ಲುತ್ತದೆ. ನೆಲದೊಳಗಿನ ಒಡ್ಡು ಅನ್ನಿ. ಜಬಾಲಿಯಾ ಜನ ಬಾವಿ ತೋಡುವುದು ಅಂಥ ಕಡೆಯಲ್ಲೇ. ಬಾವಿಯ ಸುತ್ತ ತೋಟ, ತೋಟದ ಸುತ್ತ ಎತ್ತರದ ಕಲ್ಲುಗೋಡೆ. ಗೋಡೆ ಎರಡು ಶತ್ರುಗಳಿಗೆ: ಒಂದು ಸೈಲ್, ಇನ್ನೊಂದು ಆಡು. ಹಿಂದೆ ನೀರೆತ್ತಲು ಶಾದೂಫ್ ಬಳಸುತ್ತಿದ್ದರು. ನೋಡಿದರೆ ನೀವೇ ಹೇಳುತ್ತೀರಿ, ನಮ್ಮ ಏತವೇ ಅದು. ಈಗ ಪಂಪು, ಪೈಪು ಬಂದಿವೆ.

ಬಾದಾಮಿ, ಏಪ್ರಿಕಾಟ್, ಅಂಜೂರ, ದ್ರಾಕ್ಷಿ, ದಾಳಿಂಬೆ, ಪೇರ್, ಆಲಿವ್ ಎಲ್ಲ ಒಂದೇ ಗೋಡೆಯೊಳಗೆ. ಕಸಿ ಕಟ್ಟುವುದರಲ್ಲಿ ಈ ಜನ ಗಟ್ಟಿಗರು. ಬರ ತಾಳುವ ಗಿಡದ ಬುಡಕ್ಕೆ ಒಳ್ಳೆ ಹಣ್ಣಿನ ಕೊಂಬೆ ಕೂರಿಸುತ್ತಾರೆ. ಗೈಡ್‌ಗೆ ತೋಟ ಇದ್ದರೆ ಕಸಿಯ ಬಗ್ಗೆ ಕೇಳಿ. ಶಿಖರದ ಬಗ್ಗೆ ಎರಡು ಮಾತಾಡುವವನು ಇದರ ಬಗ್ಗೆ ಒಂದು ಗಂಟೆ ಮಾತಾಡುತ್ತಾನೆ. ಅಡಿಕೆ, ಮಾವು ಬೆಳೆಯುವ ಮನೆಯವರು ನೀವಾದರೆ ಭಾಷೆ ಬಾರದಿದ್ದರೂ ಕೈಸನ್ನೆಯಲ್ಲೇ ಮಾತು ಸಾಗುತ್ತದೆ.

ಗೋಡೆಯ ಮೂಲೆಯಲ್ಲಿ ಒಂದು ಕಲ್ಲಿನ ಕೋಣೆ ಇರುತ್ತದೆ. ಬೇಕಾದರೆ ಒಳಗೆ ಮಲಗಿ. ನನ್ನ ಸಲಹೆ, ಹೊರಗೆ ಮಲಗಿ. ರಾತ್ರಿ ಆಕಾಶ ತೀರಾ ಹತ್ತಿರಕ್ಕೆ ಬಂದಂತೆ ಕಾಣುತ್ತದೆ. ಕೃತ್ತಿಕೆಯನ್ನು ಅವರು ಸುರಯ್ಯಾ ಅನ್ನುತ್ತಾರೆ, ಅಗಸ್ತ್ಯ ನಕ್ಷತ್ರವನ್ನು ಸುಹೈಲ್. ಬೇಸಿಗೆಯ ಕೊನೆಗೆ ನಸುಕಿನಲ್ಲಿ ಸುಹೈಲ್ ಕಂಡಿತೆಂದರೆ ಸೆಕೆ ಮುಗಿಯುತ್ತಾ ಬಂತು ಎಂದು ಲೆಕ್ಕ. ಕೃತ್ತಿಕೆ, ರೋಹಿಣಿ ಎಂದು ಮಳೆ ಎಣಿಸುವ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸುಮ್ನೆ ಇರುವುದು

ಎರಡನೇ ದಿನ ಬೆಳಿಗ್ಗೆ ಕಷ್ಟ. ಫೋನಿಗೆ ಸಿಗ್ನಲ್ ಇಲ್ಲ, ಮಾಡಲು ಕೆಲಸ ಇಲ್ಲ, ತಿಂಡಿ ಮುಗಿದು ಇನ್ನೂ ಎಂಟು ಗಂಟೆ. ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಫೋನ್ ಆಫ್ ಮಾಡಿ ಒಂಟೆಯ ಚೀಲದೊಳಗೆ ಹಾಕಿಬಿಡಿ. ಮನೆಯವರಿಗೆ "ಮೂರು ದಿನ ಸಿಗುವುದಿಲ್ಲ" ಎಂದು ಹೊರಡುವ ಮೊದಲೇ ಹೇಳಿರಿ, ಇಲ್ಲದಿದ್ದರೆ ಸುಮ್ನೆ ಗಾಬರಿ.

ಗೋಡೆಯ ನೆರಳು ಎಲ್ಲಿದೆಯೋ ಅಲ್ಲಿ ಕೂತುಕೊಳ್ಳಿ. ನೆರಳು ಸರಿದಂತೆ ನೀವೂ ಸರಿಯಿರಿ. ನನ್ನ ದಿನಚರಿ ಇಷ್ಟೇ ಇತ್ತು. ಹೀಗೆ ಕೂತಾಗ ಕಾಣುವುದು ಬಹಳ. ಗುಲಾಬಿ ಬಣ್ಣದ ಚಿಕ್ಕ ಹಕ್ಕಿ ನೀರಿಗೆ ಬರುತ್ತದೆ, ಅದು ಸಿನಾಯ್ ರೋಸ್‌ಫಿಂಚ್. ಬೆರಳುಗುರಿನಷ್ಟು ಸಣ್ಣ ನೀಲಿ ಚಿಟ್ಟೆಯೊಂದಿದೆ. ಅದು ಈ ಬೆಟ್ಟಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದರ ಮರಿಹುಳ ತಿನ್ನುವುದು ಇಲ್ಲಿನ ಕಾಡು ಥೈಮ್ ಗಿಡವನ್ನು ಮಾತ್ರ. ಆದ್ದರಿಂದ ಸುವಾಸನೆ ಚೆನ್ನಾಗಿದೆ ಎಂದು ಕಂಡ ಕಂಡ ಗಿಡ ಕೀಳಬೇಡಿ. ಇಡೀ ಪ್ರದೇಶ 1988ರಿಂದ ಸಂರಕ್ಷಿತ. ಅದಕ್ಕೂ ಬಹಳ ಹಿಂದಿನಿಂದ ಬೆಡೂಯಿನ್‌ರದ್ದೇ ಒಂದು ಕಟ್ಟಳೆ ಇತ್ತು, ಹಿಲ್ಫ್ ಅಂತ. ಮೇವು ಚಿಗುರಲಿ ಎಂದು ಇಂಥ ಕಣಿವೆಗೆ ಇಷ್ಟು ಕಾಲ ಆಡು ಬಿಡಬಾರದು ಎಂದು ಎಲ್ಲರೂ ಸೇರಿ ಒಪ್ಪಿಕೊಳ್ಳುತ್ತಿದ್ದರು.

ಮಧ್ಯಾಹ್ನ ಬೇಜಾರಾದರೆ ಸೀಜಾ ಆಡಲು ಕೇಳಿ. ಮಣ್ಣಿನಲ್ಲಿ ಐದಕ್ಕೆ ಐದು ಗುಳಿ ಮಾಡಿ, ಒಬ್ಬನಿಗೆ ಕಲ್ಲು, ಇನ್ನೊಬ್ಬನಿಗೆ ಒಂಟೆಯ ಒಣ ಹಿಕ್ಕೆ. ಎದುರಾಳಿಯ ಕಾಯಿಯನ್ನು ನಿಮ್ಮ ಎರಡು ಕಾಯಿಗಳ ನಡುವೆ ಸಿಕ್ಕಿಸಿದರೆ ಅದು ಔಟ್. ಚೌಕಾಬಾರದ ಹಾಗೆ ಕವಡೆಯ ಅದೃಷ್ಟವೇನೂ ಇಲ್ಲ, ಪೂರ್ತಿ ತಲೆಯ ಆಟ. ನಾನು ಒಂದು ಸಲವೂ ಗೆಲ್ಲಲಿಲ್ಲ.

ಮೂರನೇ ದಿನ ಬೆಳಿಗ್ಗೆ ಬೇಕಾದರೆ ಜಬಲ್ ಅಬ್ಬಾಸ್ ಬಾಶಾ ಹತ್ತಿ. ಈಜಿಪ್ಟನ್ನು 1848ರಿಂದ ಆಳಿದ ಅಬ್ಬಾಸ್ ಪಾಶಾ ಅಲ್ಲಿ ಅರಮನೆ ಕಟ್ಟಿಸುತ್ತಿದ್ದ. 1854ರಲ್ಲಿ ಸತ್ತ. ಅರಮನೆ ಅರ್ಧಕ್ಕೇ ನಿಂತಿದೆ. ಯಾವ ಬೆಟ್ಟದ ಗಾಳಿ ಶುದ್ಧ ಎಂದು ತಿಳಿಯಲು ಬೇರೆ ಬೇರೆ ಬೆಟ್ಟದ ಮೇಲೆ ಮಾಂಸ ತೂಗುಹಾಕಿಸಿದ, ಎಲ್ಲಿ ಕೊಳೆಯಲು ತಡವಾಯಿತೋ ಅಲ್ಲಿ ಕಟ್ಟಿಸಿದ ಎಂದು ಅಲ್ಲಿಯವರು ಕಥೆ ಹೇಳುತ್ತಾರೆ. ಹತ್ತದಿದ್ದರೂ ನಷ್ಟವಿಲ್ಲ, ಕಥೆ ತೋಟದಲ್ಲೇ ಕೇಳಬಹುದು.

ಮೌನಕ್ಕಾಗಿ ಇಲ್ಲಿಗೆ ಬಂದವರಲ್ಲಿ ನೀವೇ ಮೊದಲಲ್ಲ. ಕೆಳಗಿನ ವಾದಿ ಇತ್ಲಾಹ್‌ನಲ್ಲಿ ಜಾನ್ ಕ್ಲಿಮಾಕಸ್ ಎಂಬ ಸನ್ಯಾಸಿ ಸುಮಾರು 40 ವರ್ಷ ಒಂಟಿಯಾಗಿ ಇದ್ದ, ಕೊನೆಗೆ ಮಠದವರು ಕರೆದು ಮುಖ್ಯಸ್ಥನನ್ನಾಗಿ ಮಾಡಿದರು. ನಾಲ್ಕನೇ ದಿನಕ್ಕೇ ಬಿಸಿನೀರ ಸ್ನಾನ ನೆನಪಾದ ನನಗೆ ಆ 40 ವರ್ಷ ಅಂದಾಜಿಗೂ ಸಿಗಲಿಲ್ಲ.

ಚಹಾ, ರೊಟ್ಟಿ, ಮರ್ಯಾದೆ

ಚಹಾಕ್ಕೆ ಹಾಲಿಲ್ಲ, ಸಕ್ಕರೆ ವಿಪರೀತ. ಹಬಕ್ ಎಂಬ ಪುದೀನ ಜಾತಿಯ ಎಲೆ ಹಾಕುತ್ತಾರೆ. ಸಕ್ಕರೆ ಬೇಡವಾದರೆ ಕೆಟಲಿ ಒಲೆಗೆ ಏರುವ ಮೊದಲೇ ಹೇಳಿ. ಕಾಫಿಗೆ ಅವರ ಬಾಯಲ್ಲಿ ಗಹ್ವಾ. ಚಿಕ್ಕ ಬಟ್ಟಲಿನಲ್ಲಿ ಸ್ವಲ್ಪವೇ ಕೊಡುತ್ತಾರೆ, ಖಾಲಿಯಾದಂತೆ ಮತ್ತೆ ಹಾಕುತ್ತಾರೆ. ಸಾಕಾದರೆ ಬಟ್ಟಲನ್ನು ಮೆಲ್ಲಗೆ ಅಲುಗಿಸಿ ವಾಪಸ್ ಕೊಡಿ. ಗೊತ್ತಿಲ್ಲದೆ ನಾನು ಆರು ಬಟ್ಟಲು ಕುಡಿದು ರಾತ್ರಿಯಿಡೀ ನಕ್ಷತ್ರ ಎಣಿಸಿದ್ದೇನೆ.

ರೊಟ್ಟಿ ಎರಡು ಬಗೆ. ಫರಾಶೀಹ್ ತೆಳ್ಳಗೆ, ಬೋರಲು ಹಾಕಿದ ಕಬ್ಬಿಣದ ತವೆಯ ಮೇಲೆ ಬೇಯುತ್ತದೆ. ಲಿಬ್ಬಾ ದಪ್ಪ. ಹಿಟ್ಟು ತಟ್ಟಿ ಸೀದಾ ಕೆಂಡ, ಬೂದಿಯೊಳಗೆ ಹೂಳುತ್ತಾರೆ. ಆಮೇಲೆ ತೆಗೆದು ಪಟಪಟ ಹೊಡೆದು ಬೂದಿ ಉದುರಿಸುತ್ತಾರೆ. ಬಿಸಿ ಲಿಬ್ಬಾ ಮುರಿದು, ಆಲಿವ್ ಎಣ್ಣೆ ಸುರಿದು, ಮೇಲೆ ಚಟ್ನಿಪುಡಿ. ಪೊಟ್ಟಣ ತನ್ನಿ ಅಂದಿದ್ದು ಇದಕ್ಕೇ. ಗೈಡ್‌ಗೂ ಕೊಡಿ. ನನ್ನವನು ಕೆಮ್ಮಿದ, ಕಣ್ಣೊರೆಸಿಕೊಂಡ, ಮತ್ತೆ ಕೈ ಚಾಚಿದ.

ಬಲಗೈಯಲ್ಲಿ ಉಣ್ಣುವುದು, ಚಪ್ಪಲಿ ಬಿಟ್ಟು ಚಾಪೆಗೆ ಬರುವುದು, ಹಿರಿಯರತ್ತ ಕಾಲು ಚಾಚದಿರುವುದು ನಮಗೆ ಹೊಸದಲ್ಲ. ಆಡು ಮೇಯಿಸುವ ಹೆಂಗಸರು ದಾರಿಯಲ್ಲಿ ಸಿಗುತ್ತಾರೆ. ಕೇಳದೆ ಫೋಟೊ ಬೇಡ, ಗಂಡಸರಾದರೆ ಕೇಳುವುದೂ ಬೇಡ. ಹೆಣ್ಣುಮಕ್ಕಳು ಪ್ರಯಾಣಕ್ಕೆ ಬಂದಿದ್ದರೆ ಗೈಡ್‌ನ ಮನೆಯ ಹೆಂಗಸರ ಜೊತೆ ಕೂರುವ ಅವಕಾಶ ಸಿಗಬಹುದು. ಅದು ನನ್ನಂಥವರಿಗೆ ಸಿಗದ ಭಾಗ್ಯ. ಯಾರದೋ ಸಾಮಾನಿನ ಗಂಟು ಜಾಲಿ ಮರಕ್ಕೆ ನೇತುಹಾಕಿದ್ದು ಕಂಡರೆ ಮುಟ್ಟಬೇಡಿ. ಬಿಟ್ಟುಹೋದದ್ದಲ್ಲ ಅದು, ಇಟ್ಟುಹೋದದ್ದು. ಯಾರೂ ಕದಿಯುವುದಿಲ್ಲ ಎಂಬ ನಂಬಿಕೆಯ ಮೇಲೆ ಹಾಗೆ ಇಡುವುದು ಇಲ್ಲಿನ ಹಳೆಯ ಪದ್ಧತಿ.

ಶೌಚಕ್ಕೆ ಬಾವಿಯಿಂದ, ನೀರಿನ ಹಾದಿಯಿಂದ ದೂರ ಹೋಗಿ ಗುಂಡಿ ತೋಡಿ. ಪ್ಲಾಸ್ಟಿಕ್ ಎಲ್ಲ ವಾಪಸ್ ಚೀಲಕ್ಕೆ.

ಇಳಿಯುವ ದಿನ

ಬಂದ ದಾರಿಯಲ್ಲೇ ಇಳಿಯಬೇಕೆಂದಿಲ್ಲ, ಬೇರೆ ಕಣಿವೆಯಿಂದ ಇಳಿಸಲು ಗೈಡ್‌ಗೆ ಕೇಳಿ. ಮಠ ನೋಡುವುದಿದ್ದರೆ ಅದಕ್ಕೊಂದು ಬೆಳಗು ಬೇರೆಯೇ ಇಡಿ. ಅದು ತೆರೆಯುವುದು ಮಧ್ಯಾಹ್ನದೊಳಗೆ ಕೆಲವೇ ಗಂಟೆ. ಶುಕ್ರವಾರ, ಭಾನುವಾರ, ಅವರ ಹಬ್ಬದ ದಿನ ಸಾಮಾನ್ಯವಾಗಿ ಬಾಗಿಲು ಹಾಕಿರುತ್ತದೆ.

ಊರಿಗೆ ಬಂದಾಗ ಕಿವಿಗೆ ಮೊದಲು ಬೀಳುವುದು ಬಹುಶಃ ಯಂತ್ರದ ಸದ್ದು. 2021ರಿಂದ ಸರ್ಕಾರ ಇಲ್ಲಿ ಹೋಟೆಲು, ರಸ್ತೆ ಎಂದು ದೊಡ್ಡ ಕಟ್ಟಡ ಕೆಲಸ ನಡೆಸಿದೆ. ಈ ಊರಿನ ರೂಪವೇ ಹೋಗುತ್ತಿದೆ ಎಂಬ ಆಕ್ಷೇಪ ಇದೆ. ನನಗೂ ಹಾಗೇ ಅನ್ನಿಸಿತು. ಮೌನ ಬೇಕೆಂದು ಬರುವವರು ಮಿಲ್ಗಾದಲ್ಲೇ ರೂಮು ಮಾಡಿ ಕೂರಬಾರದು ಎಂದು ಹೇಳುವುದು ಇದಕ್ಕೇ.

ಗೈಡ್‌ಗೆ ದುಡ್ಡು ಕೊಡುವಾಗ ಎಲ್ಲರೆದುರು ಎಣಿಸಬೇಡಿ, ಮಡಚಿ ಕೈಗಿಡಿ. ಚೆನ್ನಾಗಿ ನೋಡಿಕೊಂಡಿದ್ದರೆ ಸ್ವಲ್ಪ ಮೇಲೆ ಸೇರಿಸಿ. ಮಕ್ಕಳಿಗೆ ಚಾಕೊಲೇಟು, ಪೆನ್ನು ಹಂಚುವುದಕ್ಕಿಂತ ಅವರ ತಾಯಂದಿರು ಮಾಡಿದ ಮಣಿ ಕಸೂತಿಯ ಚೀಲವನ್ನೋ, ತೋಟದ ಒಣ ಬಾದಾಮಿಯನ್ನೋ ಕೊಂಡುಕೊಳ್ಳಿ. ಬಾದಾಮಿ ಸಿಪ್ಪೆ ಸಮೇತ ಕೊಡುತ್ತಾರೆ, ಒಡೆಯಲು ಕಲ್ಲೇ ಬೇಕು. ನನ್ನ ಪಾಲಿನದು ಇನ್ನೂ ಒಂದು ಡಬ್ಬಿ ಉಳಿದಿದೆ. ಅಮ್ಮ ಒರಳಿನಲ್ಲಿ ಒಡೆಯುತ್ತಾಳೆ.